ಒಲೆ ಹಚ್ಚದ ಸರದಿ

ಆರೈಕೆ ಮನೆಯ ಆಡಳಿತ ಸಮಿತಿಗೆ ಹೊಸದಾಗಿ ಬರುವವರು ಸಾಮಾನ್ಯವಾಗಿ ನನ್ನನ್ನು ಕೇಳುವುದು, ‘ತಿಂಗಳಿಗೆ ಎಷ್ಟು ಮೀಟಿಂಗ್ ಇರ್ತದೆ?’ ಎಂದು. ಕೇಳಿದ ಕೂಡಲೇ ನನಗೆ ಸಿಟ್ಟು ಬರುತ್ತದೆ. ಆಮೇಲೆ ನನ್ನದೇ ನೆನಪಾಗಿ ಸುಮ್ಮನಾಗುತ್ತೇನೆ. ನಾನೂ ಹೀಗೆ ಕೇಳಿಯೇ ಬಂದವನು. ಮೀಟಿಂಗಿಗೆ ಹೋಗಬೇಕು, ಚಹಾ ಕುಡಿಯಬೇಕು, ಸಹಿ ಹಾಕಬೇಕು, ಬಸ್ಸು ಹಿಡಿದು ಶಿರವಾಡದ ಮನೆಗೆ ವಾಪಸ್ಸು ಬರಬೇಕು ಎಂದು ತಿಳಿದಿದ್ದೆ. ಸಂಬಳವಂತೂ ಇಲ್ಲ. ಈಗ ವಯಸ್ಸಾಯಿತೆಂದು ಬಿಟ್ಟಿದ್ದೇನೆ. ಬಿಡುವ ದಿನ ಶಾಲು ಹೊದಿಸಿ ನಾಲ್ಕು ಒಳ್ಳೆಯ ಮಾತು ಆಡಿದರು. ಅದರಲ್ಲಿ ನಿಮಗೆ ಉಪಯೋಗವಾಗುವಂಥದ್ದು ಏನೂ ಇರಲಿಲ್ಲ. ಉಪಯೋಗವಾಗುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಂಕೋಲೆಯ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ನಿವೃತ್ತಿಯಾದ ಮೇಲೂ ಜನ ನನ್ನನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಕಂಟ್ರೋಲರ್ ಅಂದರೆ ನಾನೇ. ನನ್ನನ್ನು ಸಮಿತಿಗೆ ಎಳೆದವರು ಅಧ್ಯಕ್ಷರಾಗಿದ್ದ ನಾಡಕರ್ಣಿ ವಕೀಲರು. ಗುಣವಾಗದ ಕಾಯಿಲೆಯವರು ಕೊನೆಯ ದಿನಗಳಲ್ಲಿ ನೋವಿಲ್ಲದೆ ಇರಲು ಒಂದು ಜಾಗ ಬೇಕು ಎಂದು ಊರೂರು ತಿರುಗಿ ಆ ಮನೆ ಕಟ್ಟಿಸಿದವರು ಅವರು. ಹಟ್ಟಿಕೇರಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋದರೆ ಗದ್ದೆ, ಗದ್ದೆ ದಾಟಿದರೆ ಒಂದು ಸಣ್ಣ ಕೇರಿ, ಕೇರಿಯ ಅಂಚಿಗೆ ನಮ್ಮ ಆರೈಕೆ ಮನೆ. ಕಾರವಾರದಿಂದ ಡಾಕ್ಟರು ಬಂದು ನೋಡಿ ಹೋಗುತ್ತಿದ್ದರು. ಉಳಿದದ್ದೆಲ್ಲ ಸಿಸ್ಟರ್ ಫಿಲೋಮಿನಾ ಅವರದು. ಅಕ್ಕಿ, ಔಷಧ, ಗಾಡಿ, ನೀರು, ಜಗಳ, ಇಷ್ಟು ನಮ್ಮ ಸಮಿತಿಯದು.

ಮೊದಲ ವರ್ಷ ನಾನು ಮಾಡಿದ ಘನಕಾರ್ಯ ಎಂದರೆ ಒಂದು ವೇಳಾಪಟ್ಟಿ. ಮನೆಯವರು ಬಂದು ನೋಡುವುದಕ್ಕೆ ಇಂತಿಷ್ಟು ಹೊತ್ತು, ಊಟಕ್ಕೆ ಇಷ್ಟು, ದೀಪ ಆರಿಸುವುದಕ್ಕೆ ಇಷ್ಟು ಎಂದು ಬರೆದು ಗೋಡೆಗೆ ಹಚ್ಚಿದೆ. ಸಿಸ್ಟರ್ ಅದನ್ನು ಪೂರ್ತಿ ಓದಿದರು.

“ಚೆಂದ ಉಂಟು ಕಂಟ್ರೋಲರ್ರೇ,” ಎಂದರು. “ಆದ್ರೆ ಇಲ್ಲಿಂದ ಹೊರಡೋರು ಟೈಂ ಹೇಳಿ ಹೊರಡೂದಿಲ್ಲ.”

ಮರುದಿನ ನೋಡಿದರೆ ಆ ಹಾಳೆ ಅಡಿಗೆಮನೆಯಲ್ಲಿ ಮೆಣಸಿನ ಡಬ್ಬಿಯ ಕೆಳಗಿತ್ತು. ನಾನು ಕೇಳಲಿಲ್ಲ.

ಹಣ್ಣು ಹಂಚುವವರ ಕತೆಯನ್ನೂ ಹೇಳಬೇಕು. ಹುಟ್ಟುಹಬ್ಬಕ್ಕೆ, ಪುಣ್ಯತಿಥಿಗೆ ಸೇಬು ಹಿಡಿದುಕೊಂಡು ಬರುತ್ತಾರೆ. ಗಂಟಲಲ್ಲಿ ನೀರೇ ಇಳಿಯದವನ ಕೈಗೆ ಸೇಬು ಕೊಟ್ಟು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ಒಬ್ಬರು ನಿದ್ದೆಯಲ್ಲಿದ್ದ ರೋಗಿಯನ್ನು ಎಬ್ಬಿಸಲು ಹೋದಾಗ ನಾನು ಅವರ ಬುಟ್ಟಿಯನ್ನು ಎತ್ತಿ ಅಂಗಳದಲ್ಲಿಟ್ಟು ಬಂದೆ. ದೊಡ್ಡ ಗಲಾಟೆಯಾಯಿತು. ನಮ್ಮ ಸಮಿತಿಯ ಲಲಿತಾ ಅಕ್ಕೋರು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಬಂದವರಿಗೆ ಚಹಾ ಕುಡಿಸಿ ಸಮಾಧಾನ ಮಾಡಿದರು. ಆವತ್ತಿನಿಂದ ಒಳಗೆ ಫೋಟೋ ಇಲ್ಲ, ಹಣ್ಣು ಅಡಿಗೆಮನೆಗೆ. ಈ ನಿಯಮವನ್ನು ನೀವು ಯಾವ ದೊಡ್ಡವರು ಬಂದರೂ ಸಡಿಲಿಸಬೇಡಿ.

ಇವೆಲ್ಲ ಸಣ್ಣ ಸಂಗತಿ. ನಮ್ಮ ಸಮಿತಿ ಮಾಡಿದ ದೊಡ್ಡ ತಪ್ಪು ಕಟ್ಟಡ ಏಳುವುದಕ್ಕಿಂತ ಮುಂಚಿನದು.

ಜಾಗ ನೋಡಿದ ಮೇಲೆ ವಕೀಲರು ಕೇರಿಯವರನ್ನು ಸೇರಿಸಿ ಮಾತಾಡಿದ್ದರು. ಕೇರಿಯ ಯಜಮಾನ ಹಮ್ಮಣ್ಣ ನಾಯ್ಕ ಹೆಚ್ಚು ಮಾತಿನವನಲ್ಲ. ಗದ್ದೆ ಮಾಡಿಕೊಂಡಿರುವ ಮನುಷ್ಯ. ಅವನು ಎದ್ದು ನಿಂತು ಕೇಳಿದ: “ವಕೀಲರೇ, ಇಲ್ಲಿ ಬರೋರು ಗುಣ ಆಗಿ ಹೋಗೋರಲ್ಲ ಅಂತ ಕೇಳ್ದೆ. ಒಂದು ಜೀವ ಹೋದ್ರೆ ಹೆಣ ಎತ್ತೂ ತನಕ ನಮ್ಮ ಕೇರೀಲಿ ಯಾರೂ ಒಲೆ ಹಚ್ಚೂದಿಲ್ಲ. ದೇವ್ರ ಬಾಗ್ಲನೂ ತೆಗೆಯೂದಿಲ್ಲ. ಅದಕ್ಕೆ ಎಂತ ಮಾಡೂದು?”

ವಕೀಲರಿಗೆ ಜಾಗ ಕೈತಪ್ಪುತ್ತದೆ ಎಂಬ ಹೆದರಿಕೆ. ಹಮ್ಮಣ್ಣ ಕೂತುಕೊಳ್ಳುವ ಮೊದಲೇ ಉತ್ತರ ಕೊಟ್ಟರು: “ಆ ಚಿಂತೆ ಬೇಡ. ಕೊನೇ ಹೊತ್ತು ಬಂತು ಅಂದ ಕೂಡ್ಲೇ ಅವರವರ ಮನೆಗೆ ಮುಟ್ಟಿಸ್ತೇವೆ. ನಿಮ್ಮ ಕೇರಿಯಲ್ಲಿ ಒಂದು ಸಾವೂ ಆಗೂದಿಲ್ಲ. ನಾನು ಮಾತು ಕೊಡ್ತೇನೆ.”

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಾಯುವವರಿಗಾಗಿ ಮನೆ ಕಟ್ಟಿ, ಅಲ್ಲಿ ಯಾರೂ ಸಾಯುವುದಿಲ್ಲ ಎಂದು ಮಾತು ಕೊಟ್ಟ ಸಮಿತಿ ಈ ಕರಾವಳಿಯಲ್ಲಿ ನಮ್ಮದೊಂದೇ ಇರಬೇಕು. ಆದರೆ ಆಗ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ನಮ್ಮ ಕಡೆ ಎಲ್ಲರೂ ಬಯಸುವುದು ಸ್ವಂತ ಮನೆಯಲ್ಲಿ, ಬಾಯಿಗೆ ತುಳಸಿ ನೀರು ಬಿದ್ದು ಹೋಗಬೇಕೆಂದೇ ಅಲ್ಲವೇ? ಹಾಗಾಗಿ ನಮ್ಮ ಪದ್ಧತಿ ಹೀಗಿತ್ತು: ಸಿಸ್ಟರ್ ರೋಗಿಯ ಉಸಿರು ನೋಡಿ ಹೇಳಬೇಕು, ನಾವು ಮನೆಯವರಿಗೆ ತಿಳಿಸಬೇಕು, ಗಾಡಿ ಹೊರಡಬೇಕು. ಗಾಡಿ ಹೊರಡಿಸುವುದರಲ್ಲಿ ನಾನು ಪಳಗಿದವನು. ಒಂದಷ್ಟು ಕಾಲ ಎಲ್ಲ ಸರಿಯಾಗಿಯೇ ನಡೆಯಿತು.

ಬೀರಣ್ಣ ಎಂಬ ರೋಗಿಯದು ಅಂಕೋಲೆಯಿಂದ ಆಚೆ ಒಂದು ಹಳ್ಳಿ. ಮಳೆ ಹೊಯ್ಯುತ್ತಿದ್ದ ದಿನ ಅವನನ್ನು ಗಾಡಿಗೆ ಹತ್ತಿಸಿದೆವು. ಜೊತೆಗೆ ಅವನ ಹೆಂಡತಿ ನಾಗಮ್ಮ. ಹೆದ್ದಾರಿಯಲ್ಲಿ ಲಾರಿಯೊಂದು ಅಡ್ಡ ಬಿದ್ದು ಸಾಲುಗಟ್ಟಿ ಗಾಡಿಗಳು ನಿಂತಿದ್ದವು. ಬೀರಣ್ಣ ಆ ಸಾಲಿನಲ್ಲಿಯೇ ತೀರಿಕೊಂಡ. ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ. ನಾಗಮ್ಮ ಅವನ ಕೈ ಹಿಡಿದುಕೊಂಡು ಕೂತೇ ಇದ್ದಳು ಎಂದು ಡ್ರೈವರ್ ಆಮೇಲೆ ಹೇಳಿದ. ಊರು ಮುಟ್ಟಿದಾಗ ಹಿರಿಯರು ಬಾಗಿಲಲ್ಲಿ ತಡೆದರು. ಹೊರಗೆ ಜೀವ ಬಿಟ್ಟವರನ್ನು ಮನೆಯೊಳಗೆ ತರುವ ಪದ್ಧತಿ ಇಲ್ಲ. ಅಂಗಳದಲ್ಲಿ ತಾಡಪಾಲು ಕಟ್ಟಿ ಅದರ ಕೆಳಗೆ ಮಲಗಿಸಿದರು.

ಕಾರ್ಯವೆಲ್ಲ ಮುಗಿದ ಮೇಲೆ ನಾಗಮ್ಮ ಆರೈಕೆ ಮನೆಗೆ ಬಂದಳು. ಬೈಯುತ್ತಾಳೆ ಎಂದು ನಾನು ಎದ್ದು ನಿಂತೆ. ಅವಳು ಬೈಯಲಿಲ್ಲ.

“ನಿಮ್ಮ ಮನೇಲಿ ಚೆಂದ ನೋಡ್ಕಂಡ್ರಿ ಒಡೆಯಾ,” ಎಂದಳು. “ಆದ್ರೆ ಆ ಮನುಷ್ಯ ಅದೇ ಮನೇಲಿ ಹುಟ್ಟಿದವ. ಅವನ್ನ ಮಳೇಲಿ ಹೊರಗೆ ಮಲಗ್ಸಿದ್ರಲ್ಲ. ಗಂಡ ಎಲ್ಲಿ ಸತ್ತ ಅಂತ ಯಾರಾದ್ರೂ ಕೇಳಿದ್ರೆ ನಾ ಯಾವ ಊರ ಹೆಸರು ಹೇಳೂದು?”

ಇಷ್ಟು ವರ್ಷ ಪ್ರಯಾಣಿಕರ ಬಾಯಿಗೆ ಬಾಯಿ ಕೊಟ್ಟವನು ನಾನು. ಆ ಹೆಂಗಸಿನ ಮುಂದೆ ತಲೆ ತಗ್ಗಿಸಿ ನಿಂತೆ.

ಆ ತಿಂಗಳ ಮೀಟಿಂಗಿನಲ್ಲಿ ನಾನು ಕೂಗಾಡಿದೆ. ಈ ಮಾತು ಮುರಿಯಬೇಕು, ಇಲ್ಲದಿದ್ದರೆ ಬಾಗಿಲು ಹಾಕಬೇಕು ಎಂದೆ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾತು ನಂಬಿ ಕೇರಿಯವರು ದಾರಿ ಬಿಟ್ಟಿದ್ದಾರೆ. ನಾಳೆ ಅವರು ದಾರಿಗೆ ಬೇಲಿ ಹಾಕಿದರೆ ಇಷ್ಟು ರೋಗಿಗಳನ್ನು ಎಲ್ಲಿಗೆ ಸಾಗಿಸ್ತೀರಿ?” ಎಂದರು. ಅದೂ ಸುಳ್ಳಲ್ಲ.

“ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು,” ಎಂದೆ ನಾನು. ಕೇರಿಯ ಹೆಂಗಸರಿಗೆ ಕೆಲಸ ಕೊಟ್ಟದ್ದು, ಬಾವಿ ತೋಡಿಸಿದ್ದು ಎಲ್ಲ ತೆಗೆದು ಆಡಿದೆ.

ಲಲಿತಾ ಅಕ್ಕೋರು ಮಾತ್ರ ನಿಧಾನವಾಗಿ ಕೇಳಿದರು: “ಊರಿಗೆ ಬೈಯ್ತೀರಿ. ಊರನ್ನ ನೀವು ಮತ್ತೆ ಯಾವಾಗ ಕೇಳಿದ್ರಿ?”

ಆದರೂ ನಾವು ಹೋಗಿ ಕೇಳಲಿಲ್ಲ. ಸಮಿತಿಗಳ ಬುದ್ಧಿಯೇ ಹಾಗೆ, ಎದುರಿಗಿರುವ ಬಾಗಿಲು ತಟ್ಟುವುದಿಲ್ಲ, ಹೊಸ ನಿಯಮ ಮಾಡುತ್ತದೆ. ಇನ್ನು ಮುಂದೆ ರೋಗಿಗಳನ್ನು ಸ್ವಲ್ಪ ಮುಂಚಿತವಾಗಿಯೇ ಮನೆಗೆ ಕಳಿಸುವುದೆಂದು ನಿರ್ಣಯ ಮಾಡಿದೆವು. ಅದರಿಂದ ಆದದ್ದು ಇಷ್ಟೇ: ಬೇನೆ ತಡೆಯಲಾರದೆ ಜನ ಮನೆಯಲ್ಲಿ ಕೂಗಿಕೊಂಡರು, ಸಿಸ್ಟರಿಗೆ ಹಳ್ಳಿ ಹಳ್ಳಿಗೆ ಓಡುವ ಕೆಲಸವಾಯಿತು.

ಹೀಗಿರುವಾಗ ಶೇವಂತಿಬಾಯಿ ಬಂದಳು.

ಸದಾಶಿವಗಡದ ಮೀನುಗಾರರ ಪೈಕಿಯವಳು. ಮನೆಮಾತು ಕೊಂಕಣಿ. ಒಂದು ಕಾಲದಲ್ಲಿ ಮೀನಿನ ಬುಟ್ಟಿ ಹೊತ್ತು ಬಸ್ಸಿನಲ್ಲಿ ಅಂಕೋಲೆಯ ಪೇಟೆಗೆ ಬರುತ್ತಿದ್ದವಳು. ಗಂಡ ಇಲ್ಲ, ಮಕ್ಕಳಿಲ್ಲ. ಸಾಕಿ ದೊಡ್ಡ ಮಾಡಿದ ಅಣ್ಣನ ಮಗ ಗಣಪತಿ ಅವಳ ಮೇಲೆ ಜೀವ ಇಟ್ಟಿದ್ದ. ಹೊಟ್ಟೆಯ ಕ್ಯಾನ್ಸರ್ ಕೈಮೀರಿದ ಮೇಲೆ, ಅತ್ತೆಯ ನರಳಾಟ ನೋಡಲಾರದೆ ಕರೆದುಕೊಂಡು ಬಂದವನೂ ಅವನೇ.

ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು. “ನನ್ನ ಬುಟ್ಟಿ ಬಸ್ಸಿಂದ ಕೆಳಗಿಳಿಸಿದ ಕಂಟ್ರೋಲರ್ ನೀನೇ ಅಲ್ವನಾ?”

“ರೂಲ್ ಇತ್ತು ಶೇವಂತಿಬಾಯಿ. ನೀರು ಸೋರ್ತದೆ ಅಂತ ಜನ ಬೊಬ್ಬೆ ಹಾಕ್ತಿದ್ರು.”

“ಹೌದಪ್ಪಾ, ರೂಲ್ ಇತ್ತು. ಸಂಜೆ ಅದೇ ಬುಟ್ಟಿಯಿಂದ ಬಂಗಡೆ ಆರಿಸಿ ತಕೊಂಡು ಹೋಗೂಕೆ ಮಾತ್ರ ನಿಂಗೆ ರೂಲ್ ಇರ್ಲಿಲ್ಲ.”

ಪಕ್ಕದ ಹಾಸಿಗೆಯವರೂ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು. ನಾನು ಮೀಟಿಂಗ್ ಇಲ್ಲದ ದಿನವೂ ಹೋಗತೊಡಗಿದೆ. ಹೋದರೆ ಅವಳ ಹಾಸಿಗೆಯ ಹತ್ತಿರ ಕೂತು ಬೈಸಿಕೊಂಡು ಬರುತ್ತಿದ್ದೆ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ವಾರ ಸಿಸ್ಟರ್ ನನಗೆ ಫೋನು ಮಾಡಿದರು. ಶೇವಂತಿಬಾಯಿಯ ಕಾಲು ತಣ್ಣಗಾಗುತ್ತಿದೆ, ಇನ್ನು ಹೆಚ್ಚು ಹೊತ್ತಿಲ್ಲ ಎಂದರು. ನಾವು ಪದ್ಧತಿಯಂತೆ ಗಣಪತಿಗೆ ಹೇಳಿ ಗಾಡಿ ಸಿದ್ಧ ಮಾಡಿದೆವು. ಗಣಪತಿ ಬಂದು ಹಾಸಿಗೆಯ ಪಕ್ಕ ನಿಂತ. ಅವಳು ಏಳಲು ಒಪ್ಪಲಿಲ್ಲ.

“ನಾ ಬರೂದಿಲ್ಲ,” ಎಂದಳು. “ನಮ್ಮಲ್ಲಿ ಜೀವ ಹೋದ್ರೆ ಹೆಣ ಎತ್ತೂ ತನಕ ದೋಣಿ ಇಳಿಸೂದಿಲ್ಲ. ಎರಡು ತಿಂಗ್ಳು ಹುಡುಗ್ರು ಬಲೆ ಹೊಲೀತಾ ಕುಂತಿದ್ರು. ಈಗ ಕಡಲು ತೆರೆದದೆ. ನಾ ಹೋಗಿ ಅಡ್ಡ ಮಲಗೂದಾ? ಜನ್ಮ ಇಡೀ ಆ ದೋಣಿ ಮೀನು ಮಾರಿ ಉಂಡೋಳು ನಾನು. ಇಲ್ಲೇ ಬಿಡಿ. ದೋಣಿ ಹೋದ ಮೇಲೆ ಗಣಪತಿಗೆ ಹೇಳಿ.”

ಗಣಪತಿ ನನ್ನ ಕಡೆ ತಿರುಗಿದ. ಕಣ್ಣು ತುಂಬಿತ್ತು. “ಅತ್ತೆ ಬರೂದಿಲ್ಲ ಅಂದ್ರೆ ನಾ ಎತ್ತಿ ಗಾಡಿಗೆ ಹಾಕೂದಾ? ನೀವೇ ಹೇಳಿ.”

ಹೇಳಬೇಕಾದದ್ದು ಸಮಿತಿ. ಅಕ್ಕೋರನ್ನೂ ವಕೀಲರನ್ನೂ ಕರೆಸಿದೆ. ವಕೀಲರು ಒಳ್ಳೆಯವರು, ಆದರೆ ಅಷ್ಟು ವರ್ಷದಲ್ಲಿ ಒಬ್ಬ ರೋಗಿಯ ಹತ್ತಿರವೂ ಕೂತವರಲ್ಲ. ಬಾಗಿಲಲ್ಲಿ ನಿಂತು ಕೈ ಮುಗಿದು ಆಫೀಸಿನ ಕೋಣೆಗೆ ಹೋಗಿಬಿಡುತ್ತಿದ್ದರು. ಆವತ್ತು ಸಿಸ್ಟರ್ ಸ್ಟೂಲು ತಂದು ಹಾಸಿಗೆಯ ಪಕ್ಕದಲ್ಲೇ ಇಟ್ಟರು. ಕೂರದೆ ಗತಿಯಿರಲಿಲ್ಲ.

“ನಾವು ಈ ಕೇರಿಗೆ ಮಾತು ಕೊಟ್ಟಿದ್ದೇವೆ ಬಾಯಿ,” ಎಂದರು ವಕೀಲರು. “ಇಲ್ಲಿ ಯಾರೂ ಸಾಯೂದಿಲ್ಲ ಅಂತ.”

ಶೇವಂತಿಬಾಯಿ ಅವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. “ನಾ ಸಾಯೂದಿಲ್ಲ ಅಂತ ನನ್ನ ಕೇಳದೇ ಮಾತು ಕೊಟ್ಟಿರಾ ವಕೀಲರೇ?”

ವಕೀಲರು ಎದ್ದು ಚಪ್ಪಲಿ ಮೆಟ್ಟಿಕೊಂಡು, “ಬನ್ನಿ, ಹಮ್ಮಣ್ಣನ ಮನೆಗೆ ಹೋಗುವ,” ಎಂದರು. ಆರೈಕೆ ಮನೆಯಿಂದ ಅವನ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಅಷ್ಟು ವರ್ಷ ನಾವು ಯಾರೂ ಆ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

ಹಮ್ಮಣ್ಣ ಜಗಲಿಯಲ್ಲಿ ಕೂತು ಕತ್ತಿಗೆ ಹಿಡಿ ಹಾಕುತ್ತಿದ್ದ. ವಕೀಲರು ಎಲ್ಲವನ್ನೂ ಹೇಳಿದರು, ಬೀರಣ್ಣನ ಕತೆಯನ್ನೂ ಸೇರಿಸಿ. ಹಮ್ಮಣ್ಣ ಕತ್ತಿ ಕೆಳಗಿಟ್ಟ.

“ಅಂದು ನಾ ಕೇಳ್ದದ್ದು ಎಂತ ಮಾಡೂದು ಅಂತ,” ಎಂದ. “ಇಲ್ಲಿ ಸಾಯೂಕಾಗೂದಿಲ್ಲ ಅಂತ ನಾ ಹೇಳ್ಲಿಲ್ಲ. ಕೂತು ಮಾತಾಡ್ತೀರಿ, ಏನಾದ್ರೂ ದಾರಿ ಸಿಕ್ತದೆ ಅಂದ್ಕಂಡಿದ್ದೆ. ನೀವು ಮಾತು ಕೊಟ್ಟು ಎದ್ದು ಹೋದ್ರಿ. ಕೊಟ್ಟ ಮಾತು ಬೇಡ ಅಂತ ನಾ ಹ್ಯಾಂಗೆ ಹೇಳೂದು?”

“ಹಾಗಾದ್ರೆ ಈಗ ಒಪ್ಪಿಗೆಯಾ?” ಎಂದು ನಾನು ನಡುವೆ ಬಾಯಿ ಹಾಕಿದೆ.

“ನಾ ಒಬ್ನೇ ಕೇರಿ ಅಲ್ಲ ಕಂಟ್ರೋಲರೇ. ದೇವ್ರ ಬಾಗ್ಲದ್ದು ಪೂಜೆ ಮಾಡೂ ಗುನಗರ ಹತ್ರ ಕೇಳ್ಬೇಕು. ಒಲೇದು ಹೆಂಗಸ್ರ ಹತ್ರ ಕೇಳ್ಬೇಕು. ಇವತ್ತೇ ಹೇಳೂಕಾಗೂದಿಲ್ಲ.”

ಶೇವಂತಿಬಾಯಿಗೆ ಇದ್ದದ್ದು ಇವತ್ತು ಮಾತ್ರ. ಗದ್ದೆಯ ಬದುವಿನ ಮೇಲೆ ನಾವು ಮೂವರೂ ವಾಪಸ್ಸು ಬಂದೆವು. ಅಂಗಳದಲ್ಲಿ ಗಾಡಿ ಬಾಗಿಲು ತೆರೆದು ನಿಂತಿತ್ತು. ಕಳಿಸಿದರೆ ಅವಳು ಬೇಡವೆಂದ ಸಾವು, ಉಳಿಸಿಕೊಂಡರೆ ಕೇರಿಗೆ ಕೊಟ್ಟ ಮಾತು ಮುರಿದಂತೆ. ನಾನು ವಕೀಲರ ಮುಖ ನೋಡಿದೆ. ಅವರು ಡ್ರೈವರನ ಹತ್ತಿರ ಹೋಗಿ ಕೈ ಚಾಚಿದರು. “ಕೀಲಿ ಕೊಡು.” ಅವನು ಕೊಟ್ಟ. ಅದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, “ನಾಳೆ ಕೇರಿಯವರು ಕೇಳಿದರೆ ಮಾತು ಮುರಿದವ ನಾನು. ಸಮಿತಿ ಅಲ್ಲ,” ಎಂದರು. ಒಳಗೆ ಹೋಗಿ ಆ ಸ್ಟೂಲಿನ ಮೇಲೆ ಕೂತರು. ಗಣಪತಿಯನ್ನು ಅತ್ತೆಯೇ ವಾಪಸ್ಸು ಅಟ್ಟಿದಳು. “ನೀ ಒಬ್ಬ ದಡದಲ್ಲಿರು. ಬಾಕಿ ದೋಣಿ ಹೋಗ್ಲಿ,” ಎಂದಳು.

ಮರುದಿನ ಬೆಳಿಗ್ಗೆ ನಾನು ಮೊದಲ ಬಸ್ಸಿಗೆ ಹೋದೆ. ಅಂಗಳದಲ್ಲಿ ಸಿಸ್ಟರ್ ನಿಂತಿದ್ದರು. ಅವರು ಹೇಳುವ ಮೊದಲೇ ತಿಳಿಯಿತು. ಬೇನೆ ಇರಲಿಲ್ಲವಂತೆ. ಬೆಳಕು ಬಿದ್ದಾಗ ನೀರು ಕೇಳಿದಳಂತೆ. ತುಳಸಿ ಎಲೆ ಹಾಕಿ ಎರಡು ಚಮಚ ಬಿಟ್ಟವರು ವಕೀಲರು. ಅವರು ಇನ್ನೂ ಅಲ್ಲೇ ಕೂತಿದ್ದರು.

ಗಣಪತಿಗೆ ಫೋನು ಮಾಡುವ ಕೆಲಸ ನನ್ನದು. “ದೋಣಿ ಹೋದ್ವಾ?” ಎಂದು ಕೇಳಿದೆ.

“ಹೋದ್ವು. ಈಗಷ್ಟೇ ಕಣ್ಮರೆ ಆದ್ವು,” ಎಂದ. ಅತ್ತೆ ಹೋದ ಸುದ್ದಿ ಹೇಳಿದೆ. ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಷ್ಟರಲ್ಲಿ ಅಡಿಗೆಮನೆಯಲ್ಲಿ ಇನ್ನೊಂದು ತಾಪತ್ರಯ. ಉಳಿದ ರೋಗಿಗಳಿಗೆ ಗಂಜಿಯ ಹೊತ್ತಾಗಿತ್ತು. ಗಂಜಿ ಹೊಟ್ಟೆಗೆ ಬೀಳದೆ ಔಷಧ ಕೊಡುವಂತಿಲ್ಲ. ಅಡಿಗೆಯ ಸಾವಿತ್ರಿ ಅಕ್ಕಿ ತೊಳೆದಿಟ್ಟು ಒಲೆಯ ಮುಂದೆ ಕೈಕಟ್ಟಿ ನಿಂತಿದ್ದಳು. ಅವಳು ಅದೇ ಕೇರಿಯವಳು. “ಹೆಣ ಒಳಗೇ ಅದೆ. ನಾ ಹ್ಯಾಂಗೆ ಹಚ್ಚೂದು ಸಿಸ್ಟರ್?” ಎನ್ನುತ್ತಿದ್ದಳು. ಸಿಸ್ಟರ್ ತಾವೇ ಹಚ್ಚಲು ಹೋದರೆ, “ಬೇಡ, ನನ್ನ ಕಣ್ಣೆದುರು ಬೇಡ,” ಎಂದು ಅಳಲು ಶುರುಮಾಡಿದಳು.

ಆ ಹೊತ್ತಿಗೆ ಹಮ್ಮಣ್ಣ ಗದ್ದೆ ದಾಟಿ ಬರುವುದು ಕಂಡಿತು. ಹಿಂದೆ ನಾಲ್ಕಾರು ಜನ. ದಾರಿಗೆ ಬೇಲಿ ಬಿತ್ತು ಎಂದುಕೊಂಡೆ. ಜಗಳಕ್ಕೆ ಎದೆ ಗಟ್ಟಿ ಮಾಡಿಕೊಂಡು ಮೆಟ್ಟಿಲ ಮೇಲೆ ನಿಂತೆ. ಹಮ್ಮಣ್ಣ ನನ್ನನ್ನು ನೋಡಲೂ ಇಲ್ಲ. ಒಳಗೆ ಹೋಗಿ ಶೇವಂತಿಬಾಯಿಯ ಕಾಲ ಬುಡದಲ್ಲಿ ಕೈ ಮುಗಿದ. ಮತ್ತೆ ಅಡಿಗೆಮನೆಯ ಬಾಗಿಲಿಗೆ ಬಂದ.

“ಸಾವಿತ್ರೀ, ನೀ ಹಚ್ಚೇ,” ಎಂದ. “ರೋಗಿಗಳ ಒಲೆ ಉರೀಲಿ. ಅದರ ಬದ್ಲು ಕೇರಿ ಒಲೆ ನಿಂತದೆ. ಹೆಂಗಸ್ರು ಹೇಳ್ ಕಳ್ಸಿದ್ದಾರೆ. ಪೂಜೆ ಸ್ವಲ್ಪ ತಡ ಆದ್ರೆ ದೇವಿಗೆ ಸಿಟ್ಟು ಬರೂದಿಲ್ಲ ಅಂತ ಗುನಗರೂ ಅಂದ್ರು.”

ನಾನು ಹೊರಗೆ ಬಂದು ಕೇರಿಯ ಕಡೆ ನೋಡಿದೆ. ಆ ಹೊತ್ತಿಗೆ ದಿನಾ ಪ್ರತಿ ಮನೆಯ ಬಚ್ಚಲೊಲೆಯಿಂದಲೂ ಹೊಗೆ ಏಳುತ್ತದೆ. ಆವತ್ತು ಎಲ್ಲಿಯೂ ಇರಲಿಲ್ಲ. ಆ ಮನೆಗಳಲ್ಲಿ ಒಬ್ಬರೂ ಶೇವಂತಿಬಾಯಿಯ ಮುಖ ನೋಡಿದವರಲ್ಲ. ಮಕ್ಕಳು ಚಹಾ ಇಲ್ಲದೆ ಜಗಲಿಯ ಮೇಲೆ ಕೂತಿದ್ದವು. ನಮ್ಮ ಅಡಿಗೆಮನೆಯ ಹೊಗೆಯೊಂದೇ ಮೇಲೇರುತ್ತಿತ್ತು. ಊರು ಉಪಕಾರ ಅರಿಯದು ಎಂದಿದ್ದೆನಲ್ಲ, ಆ ಗಾದೆಯನ್ನು ಮತ್ತೆ ನಾನು ಬಾಯಲ್ಲಿ ಆಡಿಲ್ಲ. ಗಣಪತಿ ತನ್ನವರೊಡನೆ ಬಂದು ಅತ್ತೆಯನ್ನು ನೇರ ಸದಾಶಿವಗಡದ ಮಸಣಕ್ಕೇ ಒಯ್ದ. ಗಾಡಿಯ ಕೀಲಿ ಕೊಟ್ಟವರು ವಕೀಲರು.

ಆದರೆ ಪ್ರತಿ ಸಲ ಇಡೀ ಕೇರಿ ಉಪವಾಸ ಕೂರುವಂತಿಲ್ಲ. ಆಮೇಲೆ ಕೇರಿಯವರೂ ನಾವೂ ಒಟ್ಟಿಗೆ ಕೂತು ಮಾತಾಡಿದೆವು, ಈ ಸಲ ಹಮ್ಮಣ್ಣನ ಜಗಲಿಯಲ್ಲಿ. ಹೆಂಗಸರೇ ದಾರಿ ಹುಡುಕಿದರು: ಸರದಿ. ಆರೈಕೆ ಮನೆಯಲ್ಲಿ ಒಂದು ಜೀವ ಹೋದರೆ ಸರದಿ ಬಂದ ಒಂದು ಮನೆ ಮಾತ್ರ ಎಲ್ಲರ ಪರವಾಗಿ, ಹೆಣ ಎತ್ತುವವರೆಗೆ ಒಲೆ ಹಚ್ಚುವುದಿಲ್ಲ. ಹೋದವರು ಯಾವ ಜಾತಿ, ಯಾವ ಊರು ಎಂದು ಕೇಳುವುದಿಲ್ಲ. ಅಂದಿನಿಂದ ಯಾರನ್ನೂ ಬಲವಂತದಿಂದ ಗಾಡಿ ಹತ್ತಿಸಿಲ್ಲ. ಮನೆಗೆ ಹೋಗುವೆನೆಂದವರು ಹೋಗುತ್ತಾರೆ, ಇಲ್ಲೇ ಎಂದವರು ಇಲ್ಲೇ. ನೀವು ಸಮಿತಿಗೆ ಬಂದ ಮೇಲೆ ಮೊದಲು ಆ ಜಗಲಿಯಲ್ಲಿ ಹೋಗಿ ಕೂತು ಬನ್ನಿ. ಉಳಿದದ್ದನ್ನು ಆಮೇಲೆ ಕಲಿಯಬಹುದು.

ಸಮಿತಿ ಬಿಟ್ಟ ದಿನ ನಾನು ಹಮ್ಮಣ್ಣನ ಹತ್ತಿರ ಹೋಗಿ, ನನ್ನ ಮನೆಯನ್ನೂ ಸರದಿಗೆ ಸೇರಿಸಿಕೊಳ್ಳಿ ಎಂದೆ.

“ಶಿರವಾಡ ದೂರ ಆಯ್ತಲ್ಲ ಕಂಟ್ರೋಲರೇ. ನೀವು ಒಲೆ ಹಚ್ಚಿದ್ರೂ ಬಿಟ್ರೂ ಇಲ್ಲಿ ಯಾರಿಗೆ ಕಾಣ್ತದೆ?”

“ನನಗೆ ಕಾಣ್ತದಲ್ಲ,” ಎಂದೆ. ಅವನು ಒಪ್ಪಿ ತಲೆಯಾಡಿಸಿದ.

ಮೊನ್ನೆ ಬೆಳಿಗ್ಗೆ ಆರೈಕೆ ಮನೆಯಿಂದ ಫೋನು ಬಂತು. ನನ್ನ ಹೆಂಡತಿ ಮಂಗಲಾ ಚಹಾಕ್ಕೆ ನೀರಿಟ್ಟು ಗ್ಯಾಸ್ ಹಚ್ಚುವುದರಲ್ಲಿದ್ದಳು. “ತಡೆ, ಇವತ್ತು ನಮ್ಮ ಸರದಿ,” ಎಂದೆ. ಅವಳು ಲೈಟರ್ ಕೆಳಗಿಟ್ಟಳು.

“ಯಾರಂತೆ?”

“ಕೇಳ್ಲಿಲ್ಲ.”

“ಹೆಸರಾದ್ರೂ ಕೇಳಬಾರ್ದನಾ? ಯಾರಿಗೋಸ್ಕರ ಕೂತದ್ದು ಅಂತ ಗೊತ್ತಿದ್ರೆ ಒಳ್ಳೇದಲ್ವಾ?”

ತಿರುಗಿ ಫೋನು ಮಾಡಿ ಹೆಸರು ಕೇಳಿ ಅವಳಿಗೆ ಹೇಳಿದೆ. ಅವಳು ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ನಾವಿಬ್ಬರೂ ಅಡಿಗೆಮನೆಯಲ್ಲೇ ಮಣೆ ಹಾಕಿಕೊಂಡು, ತಣ್ಣಗಿದ್ದ ಒಲೆಯ ಮುಂದೆ ಕೂತೆವು, ಎತ್ತಿದರು ಎಂದು ಮತ್ತೆ ಫೋನು ಬರುವ ತನಕ.